ಕೆಳಗದ್ದೆಯ ಪೈಪು

ಆ ವರ್ಷ ರುಕ್ಮಣಿಯ ಮನೆಯ ನೆಮ್ಮದಿ ಕೆಟ್ಟದ್ದು ಒಂದು ಮೊಳ ಉದ್ದದ ಪೈಪಿನಿಂದ.

ಕಾರ್ತಿಕ ಮಾಸದ ಒಂದು ಮಧ್ಯಾಹ್ನ ಮಗ ಸತೀಶ್‌ಕುಮಾರ್ ಅದನ್ನು ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ಪೊಳ್ಳಾಚಿಯಿಂದ ತಂದ. ಮೈತುಂಬ ತೂತು ಕೊರೆದ ಬಿಳಿ ಪ್ಲಾಸ್ಟಿಕ್ ಪೈಪು. ಅಂಗಳದಲ್ಲಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದ ಅಜ್ಜಿ ಸಾಮಿಯಾತಾಳ್ ಅದನ್ನು ಇಸಿದುಕೊಂಡು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದಳು.

"ಏನ್ರಾ ಇದು, ಇಷ್ಟು ತೂತು? ಅಂಗಡಿಯವನು ನಿನ್ನ ಮುಖ ನೋಡಿ ಕೊಟ್ಟುಬಿಟ್ಟನಾ?"

"ತೂತು ಬೇಕಂತಲೇ ಇರೋದು ಅಜ್ಜಿ. ಕೆಳಗದ್ದೇಲಿ ಹೂಳ್ತೀವಿ. ಮಣ್ಣೊಳಗೆ ನೀರು ಎಷ್ಟು ಇಳಿದಿದೆ ಅಂತ ಇದರಲ್ಲಿ ಬಗ್ಗಿ ನೋಡಬಹುದು. ಒಂದು ಗೇಣು ಇಳಿದ ಮೇಲೆ ನೀರು ಬಿಡಬೇಕು. ಅಲ್ಲೀವರೆಗೂ ಗದ್ದೆ ಒಣಗಲಿ."

ಸಾಮಿಯಾತಾಳ್ ಪೈಪನ್ನು ಹುರುಳಿಯ ಮೊರದ ಪಕ್ಕ ಇಟ್ಟಳು. "ಭತ್ತದ ಗದ್ದೆ ಒಣಗಿಸ್ತಾನಂತೆ. ಲಿಂಗಸಾಮಿ, ಕೇಳಿಸ್ತಾ ನಿನ್ನ ಮಗ ಹೇಳಿದ್ದು?"

ಲಿಂಗಸಾಮಿ ಹಸುವಿನ ಹಗ್ಗ ಬಿಚ್ಚುತ್ತಿದ್ದ. ಮನೆಯಲ್ಲಿ ಮಾತು ಏರುವ ಸೂಚನೆ ಕಂಡರೆ ಅವನ ಕಿವಿ ತಾನಾಗಿ ಮಂದವಾಗುತ್ತಿತ್ತು. ಬಿಚ್ಚಿದ ಹಗ್ಗವನ್ನು ಮತ್ತೆ ಕಟ್ಟಿದ.

ಸತೀಶ್ ಬಿಡಿಸಿ ಹೇಳಿದ. ನೀರು ನಿಂತ ಗದ್ದೆಯಲ್ಲಿ ಕೆಸರು ಗಾಳಿಯಿಲ್ಲದೆ ಕೊಳೆಯುತ್ತದೆ, ಅದರಿಂದ ಒಂದು ಗ್ಯಾಸ್ ಏಳುತ್ತದೆ, ಅದು ಮೇಲಕ್ಕೆ ಹೋಗಿ ಲೋಕವನ್ನೆಲ್ಲ ಬಿಸಿ ಮಾಡುತ್ತದೆ. ನಡುನಡುವೆ ಗದ್ದೆ ಒಣಗಿಸಿದರೆ ಗ್ಯಾಸ್ ಕಡಿಮೆ, ನೀರೂ ಉಳಿತಾಯ. ಕೊಯಮತ್ತೂರಿನ ಒಂದು ಸಂಸ್ಥೆಯವರು ಈ ಊರಿನಲ್ಲಿ ಒಂದೇ ಒಂದು ಗದ್ದೆ ಆರಿಸಿದ್ದಾರೆ, ಅದು ನಮ್ಮದು. ಪೈಪೂ ಅವರೇ ಕೊಟ್ಟದ್ದು.

"ನಾನು ಏಳು ವರ್ಷದವಳಿದ್ದಾಗಲಿಂದ ಗದ್ದೆಗೆ ಇಳಿದೋಳು," ಎಂದಳು ಅಜ್ಜಿ. "ಕಾಲಿಟ್ಟ ಕಡೆಯೆಲ್ಲ ಗುಳುಗುಳು ಅನ್ನುತ್ತೆ. ಗದ್ದೆ ಹೂಸು ಬಿಡುತ್ತೆ ಅಂತ ತಿಳಿಯೋಕೆ ಕಾಲೇಜಿಗೆ ಹೋಗಿ ಓದಬೇಕಾ?"

ಒಲೆಯ ಮುಂದಿದ್ದ ರುಕ್ಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಆನೆಮಲೆಯ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಕಾಲುವೆಯ ಏರಿ ಹಿಡಿದು ನಡೆದರೆ ಸಿಗುವ ಊರು ಅವರದು. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಮನೆತನ. ಹೊಸ್ತಿಲಿನ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ಕನ್ನಡದ ಅಕ್ಷರ ಮನೆಯಲ್ಲಿ ಯಾರಿಗೂ ಬಾರದು. ಮೇಲ್ಗದ್ದೆ, ಕೆಳಗದ್ದೆ ಅಂತ ಎರಡು ತುಂಡು ಭೂಮಿ, ನಾಲ್ಕು ತೆಂಗು, ಎರಡು ಹಸು. ಹಿಂದಿನ ವರ್ಷ ತೆನೆ ತುಂಬುವ ಹೊತ್ತಿಗೆ ಕಾಲುವೆಯ ನೀರು ನಿಂತುಹೋಗಿ ಕೆಳಗದ್ದೆಯ ಭತ್ತ ಅರ್ಧ ಜಳ್ಳಾಗಿತ್ತು. ಸತೀಶ್ ಪೈಪಿಗೆ ಜೋತುಬಿದ್ದದ್ದು ಲೋಕದ ಬಿಸಿಗಿಂತ ಆ ಜಳ್ಳಿನ ನೆನಪಿಗೆ. ಸಂಸ್ಥೆಯವರು ಗದ್ದೆಯ ಬದುವಿನಲ್ಲಿ ನೆಟ್ಟುಹೋದ ಹಸಿರು ಫಲಕದಲ್ಲಿ ಅವನ ಹೆಸರು ದಪ್ಪ ಅಕ್ಷರದಲ್ಲಿ ಇದ್ದದ್ದೂ ಒಂದು ಕಾರಣವೇ. ಹಾಲು ಹಾಕಿ ಬರುವಾಗ ಅವನು ಸುತ್ತು ಬಳಸಿ ಆ ಫಲಕದ ಮುಂದೆಯೇ ಹಾದು ಬರುತ್ತಿದ್ದ.

ರುಕ್ಮಣಿಯ ಮನಸ್ಸು ಮಾತ್ರ ತಿರುಪೂರಿನಲ್ಲಿತ್ತು. ಮಗಳು ಸರಣ್ಯಾಗೆ ಎರಡನೆಯ ಬಸುರು, ಪೊಂಗಲ್ಲಿನಿಂದ ಶುರುವಾಗುವ ತೈ ತಿಂಗಳಲ್ಲಿ ದಿನ ತುಂಬುತ್ತದೆ. ಅಳಿಯ ಬನಿಯನ್ ಕಂಪೆನಿಯಲ್ಲಿ ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಅತ್ತೆ ಎಂಬವಳು ಆ ಮನೆಯಲ್ಲಿ ಇಲ್ಲ. ಮೂರು ವರ್ಷದ ಮಗು ಬೇರೆ ಕಾಲಿಗೆ ಸುತ್ತಿಕೊಂಡಿರುತ್ತದೆ.

"ಪೊಂಗಲ್ ಮುಗಿದ ಮಾರನೆ ದಿನ ಬಂದುಬಿಡ್ತೀನಿ ಕಣ್ಣು," ಎಂದು ರುಕ್ಮಣಿ ಫೋನಿನಲ್ಲಿ ಮಾತು ಕೊಟ್ಟಿದ್ದಳು.

"ಹೋದ ಸಲವೂ ಹೀಗೇ ಹೇಳಿದ್ದೆ ಅಮ್ಮ. ಕೊಯ್ಲು ಅಂದೆ, ಒಕ್ಕಣೆ ಅಂದೆ. ನೀನು ಬಂದು ಸೇರೋ ಹೊತ್ತಿಗೆ ಮಗು ಮಗ್ಗುಲಾಗ್ತಿತ್ತು."

"ಈ ಸಲ ಬರ್ತೀನಿ."

"ಸೆರಿ, ನೋಡೋಣ," ಎಂದಿದ್ದಳು ಸರಣ್ಯಾ. ಆ 'ನೋಡೋಣ' ರುಕ್ಮಣಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು.

* * *

ಕೆಳಗದ್ದೆ ಮೊದಲ ಸಲ ಒಣಗಿದಾಗ ಊರವರು ನಿಂತು ನೋಡಿ ಹೋದರು. ಮಣ್ಣು ಬಿಳಿಚಿಕೊಂಡು, ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಪೈರೇನೋ ಹಸಿರಾಗಿಯೇ ಇತ್ತು. ಆದರೆ ಪೈರಿನ ಜೊತೆಗೆ ಕಳೆಯೂ ಎದ್ದಿತು. ನೀರು ನಿಂತಿದ್ದರೆ ಮಣ್ಣೊಳಗೇ ಮಲಗಿರುತ್ತಿದ್ದ ಬೀಜವೆಲ್ಲ ಬಿಸಿಲು ಕಂಡದ್ದೇ ತಡ ಮೊಳೆತು ಸಾಲುಗಳ ನಡುವೆ ಚಾಪೆ ಹಾಸಿದಂತೆ ಬಂತು.

ಕಳೆ ಕೀಳುವುದು ಆ ಸೀಮೆಯಲ್ಲಿ ಹೆಂಗಸರ ಕೆಲಸ. ಗಂಡಸರು ಉಳುತ್ತಾರೆ, ಬದು ಕಟ್ಟುತ್ತಾರೆ, ನೀರಿನ ಬಾಯಿ ಮಡೆ ತೆಗೆದು ನೀರು ತಿರುಗಿಸುತ್ತಾರೆ, ಗೊಬ್ಬರ ಎರಚುತ್ತಾರೆ. ಬಗ್ಗಿ ಕಳೆ ಕೀಳುವ ಗಂಡಸನ್ನು ಯಾರೂ ಕಂಡಿಲ್ಲ. ಮೊದಲಾದರೆ ಕೂಗಿದರೆ ಏಳೆಂಟು ಹೆಂಗಸರು ಬರುತ್ತಿದ್ದರು. ಈಗ ಬೆಳಗಾದರೆ ನೂಲಿನ ಮಿಲ್ಲಿನ ವ್ಯಾನು ಊರ ಬಾಗಿಲಿಗೇ ಬಂದು ಅವರನ್ನೆಲ್ಲ ತುಂಬಿಕೊಂಡು ಹೋಗುತ್ತದೆ. ಉಳಿದವಳು ರಾಮಾಯಿ ಒಬ್ಬಳು. ಅವಳಿಗೂ ವಯಸ್ಸಾಗಿತ್ತು, ಒಂದು ದಿನ ಬಂದರೆ ಎರಡು ದಿನ ಮಲಗುತ್ತಿದ್ದಳು. ಬಂದ ದಿನ ಮಾತ್ರ ಬಿಸಿಲು ಬೀಳುವ ಸಾಲನ್ನು ತಾನು ಹಿಡಿದು, ತೆಂಗಿನ ನೆರಳಿರುವ ಸಾಲನ್ನು ಏನೂ ಹೇಳದೆ ರುಕ್ಮಣಿಗೆ ಬಿಡುತ್ತಿದ್ದಳು.

ಉಳಿದ ದಿನ ರುಕ್ಮಣಿ ಒಬ್ಬಳೇ. ಬೆಳಗಿನ ಅಡಿಗೆ, ಹಸುವಿನ ಕೆಲಸ ಮುಗಿಸಿ ಗದ್ದೆಗೆ ಇಳಿದರೆ ಮಧ್ಯಾಹ್ನದ ಊಟಕ್ಕೆ ಏಳುವುದು. ಈ ತುದಿ ಮುಗಿಯುವ ಹೊತ್ತಿಗೆ ಆ ತುದಿಯಲ್ಲಿ ಮತ್ತೆ ಮೊಳಕೆ. ಮೊಣಕಾಲು ಊದಿಕೊಂಡು ಬೆಲ್ಲದಚ್ಚಿನಂತಾಯಿತು.

ಒಂದು ಮಧ್ಯಾಹ್ನ ಅಕ್ಕಿ ಬೇಳೆ ಕೂಡಿಸಿ ಬೇಯಿಸಿದ ಅರಿಸಿಪರುಪ್ಪು ಸಾದ ಬಡಿಸುತ್ತ ಅವಳು ಮಗನನ್ನು ಕೇಳಿದಳು: "ನಿನ್ನ ಪೈಪು ಕಳೆ ಕೀಳುತ್ತಾ?"

"ಅದೇನಮ್ಮ ಹಾಗಂದ್ರೆ?"

"ನೀರು ನಿಂತಿದ್ರೆ ಕಳೆ ಬರಲ್ಲ. ನೀರು ತೆಗೆದೋನು ನೀನು. ಬಗ್ಗಿರೋಳು ನಾನು. ಪೊಂಗಲ್ ಆದ ಮಾರನೆ ದಿನ ನಾನು ಹೊರಡಬೇಕು. ಇದನ್ನ ಯಾರ ಕೈಗೆ ಒಪ್ಪಿಸಿ ಹೋಗಲಿ?"

"ಇನ್ನೊಂದು ವಾರದಲ್ಲಿ ಪೈರು ಮುಚ್ಚಿಕೊಳ್ಳುತ್ತೆ. ಅಪ್ಪುರಂ ಕಳೆ ಇರಲ್ಲ."

"ಹೋದ ವಾರವೂ ಇದೇ ಹೇಳಿದೆ."

"ಸೊಸೇನ ತಂದಿದ್ರೆ ಎರಡು ಕೈ ಜಾಸ್ತಿ ಇರ್ತಿತ್ತು," ಎಂದಳು ಅಜ್ಜಿ ತುಪ್ಪದ ಬಟ್ಟಲನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ಇವನು ಪೈಪು ತಂದ."

ಲಿಂಗಸಾಮಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾರನೆಯ ದಿನ ಮಾತ್ರ ಒಲೆಯ ಪಕ್ಕದ ಗೂಡಿನಲ್ಲಿ ನೋವಿನ ಎಣ್ಣೆಯ ಹೊಸ ಸೀಸೆಯೊಂದು ಕೂತಿತ್ತು. ಯಾರು ತಂದರು ಎಂದು ರುಕ್ಮಣಿ ಕೇಳಲಿಲ್ಲ. ಎಣ್ಣೆ ತರುವ ಬದಲು ಮಗನಿಗೆ ಒಂದು ಮಾತು ಹೇಳಬಾರದಾ ಎಂದು ಗೊಣಗಿಕೊಂಡು ಮೊಣಕಾಲಿಗೆ ಹಚ್ಚಿಕೊಂಡಳು.

ಪ್ರತಿ ಬುಧವಾರ ಸಂಸ್ಥೆಯಿಂದ ಅಪೂರ್ವ ಬರುತ್ತಿದ್ದಳು. ದಾವಣಗೆರೆಯ ಕಡೆಯ ಹುಡುಗಿ, ಓದಲೆಂದು ಕೊಯಮತ್ತೂರಿಗೆ ಬಂದವಳು ಅಲ್ಲೇ ಕೆಲಸಕ್ಕೆ ಸೇರಿದ್ದಳು. ಗಾಜಿನಂತೆ ಕಾಣುವ ಒಂದು ಪೆಟ್ಟಿಗೆಯನ್ನು ಪೈರಿನ ಮೇಲೆ ಬೋರಲು ಹಾಕಿ, ಸೂಜಿಯಲ್ಲಿ ಅದರೊಳಗಿನ ಗಾಳಿ ಎಳೆದುಕೊಳ್ಳುತ್ತಿದ್ದಳು. ಇಷ್ಟು ದೂರದಲ್ಲಿ ಕನ್ನಡದ ಮನೆ ಸಿಕ್ಕಿತೆಂದು ಅವಳಿಗೆ ಹಿಗ್ಗು. ಊಟಕ್ಕೆ ಕೂತರೆ ಎದ್ದು ತಾನೇ ತಟ್ಟೆ ತೊಳೆದಿಡುತ್ತಿದ್ದಳು; ಬೇಡವೆಂದರೂ ಅಜ್ಜಿಯ ತಟ್ಟೆಯನ್ನೂ ಸೇರಿಸಿ ತೊಳೆಯುತ್ತಿದ್ದಳು.

"ಈ ವಾರ ಕಳೆ ತೆಗೆಯಲು ಎಷ್ಟು ಆಳು ಬಂದಿದ್ದರು, ಸತೀಶ್?" ಎಂದು ಅವಳು ಕೇಳಿದಳು.

"ಆಳೇ ಇಲ್ಲ ಮೇಡಂ. ಮನೆಯವರೇ."

"ಓ, ಹಾಗಾದರೆ ಕಳೆಗೆ ಆಳು ಬೇಕಾಗಿಲ್ಲ. ಒಳ್ಳೆಯದೇ ಆಯಿತು."

ರುಕ್ಮಣಿ ಮೊಸರಿನ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು. "ಅಮ್ಮಣಿ," ಎಂದಳು ಮೆಲ್ಲಗೆ, "ಮನೆಯವರು ಅಂದ್ರೆ ಯಾರು ಅಂತ ಕೇಳು."

ಹುಡುಗಿ ಅವಳ ಊದಿದ ಮೊಣಕಾಲಿನ ಕಡೆ ನೋಡಿ ಕೆಂಪಾದಳು. ಸತೀಶ್ ಗಾಜಿನ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ನಡೆದ.

* * *

ಅದಾದ ಮೇಲೆ ಕೆಳಗದ್ದೆಗೆ ಎಲ್ಲಿಂದಲೋ ನೀರು ಬರತೊಡಗಿತು.

ಬೆಳಗ್ಗೆ ಸತೀಶ್ ಬಗ್ಗಿ ನೋಡಿದಾಗ ಪೈಪಿನಲ್ಲಿ ನಾಲ್ಕು ಬೆರಳು ಇಳಿದಿದ್ದ ನೀರು ಸಂಜೆ ನೋಡಿದರೆ ತುಂಬಿರುತ್ತಿತ್ತು. ಮಣ್ಣಿನ ಮೇಲೂ ತೆಳ್ಳಗೆ ನೀರು. ಬಿರುಕು ಮುಚ್ಚಿಕೊಂಡಿತು, ಹೊಸ ಕಳೆ ಏಳುವುದು ನಿಂತಿತು. ಕಾಲುವೆಯ ಕಡೆಯ ಮಡೆ ನೋಡಿದರೆ ಗಟ್ಟಿಯಾಗಿ ಮುಚ್ಚಿದೆ, ಹೊಸ ಮಣ್ಣು ಕಡಿದ ಗುರುತೇ ಇಲ್ಲ.

ಮೊದಲ ಅನುಮಾನ ಪಕ್ಕದ ಮಯಿಲ್‌ಸಾಮಿಯ ಮೇಲೆ. ಸತೀಶ್ ಅವನ ಅಂಗಳಕ್ಕೆ ಹೋಗಿ ತಮಿಳಿನಲ್ಲಿ ಕೂಗಾಡಿದ. ಮಯಿಲ್‌ಸಾಮಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಸಾವಧಾನವಾಗಿ ಹೇಳಿದ: "ನೀರು ಬರಲಿಲ್ಲ ಅಂತ ಜಗಳಕ್ಕೆ ಬಂದವರನ್ನ ನಮ್ಮಪ್ಪನ ಕಾಲದಿಂದ ನೋಡಿದ್ದೀನಿ ತಂಬಿ. ನೀರು ಬಂತು ಅಂತ ಜಗಳಕ್ಕೆ ಬಂದವನು ನೀನೊಬ್ಬನೇ. ಕೂತ್ಕೋ, ಕಾಪಿ ಕುಡಿದು ಬೈಯಿ."

ಸತೀಶ್ ಕುಡಿಯದೆ ಬಂದ. ಸಂಜೆ ಮಯಿಲ್‌ಸಾಮಿಯ ಹೆಂಡತಿ ಏನೂ ಆಗಿಲ್ಲವೆಂಬಂತೆ ಒಂದು ಹಿಡಿ ನುಗ್ಗೆಕಾಯಿ ತಂದುಕೊಟ್ಟು ಹೋದಳು.

ಎರಡನೆಯ ಅನುಮಾನ ತಾಯಿಯ ಮೇಲೆ.

"ಅಮ್ಮ, ನಿಜ ಹೇಳು. ನೀನು ನೀರು ಬಿಡ್ತಾ ಇದ್ದೀಯಾ?"

ರುಕ್ಮಣಿ ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ನನಗೆ ಬಿಡಬೇಕು ಅನ್ನಿಸಿದ್ರೆ ಎಲ್ಲರ ಮುಂದೆ ಮಣ್ಣು ಅಗೆಯೋ ಮಮ್ಮಟ್ಟಿ ಹಿಡಿದು ಹೋಗಿ ಮಡೆ ಕಡೀತಿದ್ದೆ. ನನ್ನ ಗದ್ದೆಗೆ ನಾನು ಕಳ್ಳತನದಲ್ಲಿ ನೀರು ಬಿಡ್ಲಾ?"

"ಮತ್ತೆ ಕಳೆ ಕಡಿಮೆ ಆದ್ರೆ ಯಾರಿಗೆ ಲಾಭ?"

ರುಕ್ಮಣಿ ಒಲೆಯ ಕಡೆ ತಿರುಗಿಕೊಂಡಳು. ಎರಡು ದಿನ ಮಗನಿಗೆ ಬಡಿಸಿದಳು, ಇನ್ನಷ್ಟು ಹಾಕಲಾ ಎಂದು ಕೇಳಲಿಲ್ಲ. ಅವನೂ ಕೇಳದೆ ಅರೆಹೊಟ್ಟೆಯಲ್ಲಿ ಎದ್ದ. ಇಬ್ಬರಿಗೂ ಅದು ಸಂಕಟವಾಗಿತ್ತು, ಇಬ್ಬರೂ ಬಿಟ್ಟುಕೊಡಲಿಲ್ಲ. ಆದರೂ ಬೆಳಗ್ಗೆ ಎದ್ದು ನೋಡಿದರೆ ಅವಳ ಕಾಲಿಗೆ ಶಾಖ ಕೊಡಲು ಬಿಸಿನೀರು ಕಾದಿರುತ್ತಿತ್ತು. ಸತೀಶ್ ಹಾಲಿಗೆ ಹೊರಡುವ ಮೊದಲು ಒಲೆ ಹಚ್ಚಿ ಇಟ್ಟುಹೋಗುತ್ತಿದ್ದ.

ಮೂರನೆಯ ದಿನ ಲಿಂಗಸಾಮಿ ಪಂಚೆಯ ತುದಿಯಲ್ಲಿ ಒಂದು ಏಡಿಯನ್ನು ಸುತ್ತಿಕೊಂಡು ಬಂದು ಅಂಗಳದಲ್ಲಿ ಬಿಟ್ಟ. "ಇಗೋ, ಕಳ್ಳ ಸಿಕ್ಕಿದ. ಮೇಲ್ಗದ್ದೆ ವರಪ್ಪಿನಲ್ಲಿ, ಬದುವಿನ ಮಣ್ಣಲ್ಲಿ, ಬಿಲ ತೋಡಿತ್ತು. ಅಲ್ಲಿಂದ ಕೆಳಗದ್ದೆಗೆ ನೀರು ಜಿನುಗಿದೆ."

ಸತೀಶ್ ಏಡಿಯನ್ನು ನೋಡಿದ. ಅಂಗೈಗಿಂತ ಚಿಕ್ಕದು. "ಇದು ಅಷ್ಟು ನೀರು ಬಿಟ್ಟಿತಾ?"

"ಏಡೀನ ಸುಮ್ಮಾ ಅಂದುಕೋಬೇಡ."

ಏಡಿ ಹಿಡಿದ ಗಂಡನ ಮುಖವನ್ನು ರುಕ್ಮಣಿ ಓರೆಗಣ್ಣಲ್ಲಿ ನೋಡಿದಳು. ಅವನೂ ತನ್ನನ್ನೇ ನೋಡುತ್ತಿದ್ದ. ಕಣ್ಣು ಕೂಡಿದ್ದೇ ತಡ ಬೇರೆ ಕಡೆ ತಿರುಗಿದ. ಓ, ಇವರೂ ನಾನೇ ಅಂದುಕೊಂಡಿದ್ದಾರೆ, ನನ್ನನ್ನು ಕಾಪಾಡೋಕೆ ಈ ಪಾಪದ ಜಂತುವಿನ ಮೇಲೆ ಹಾಕ್ತಿದ್ದಾರೆ ಎಂದು ಅವಳಿಗೆ ಹೊಳೆಯಿತು. ಕೋಪವೂ ಬಂತು, ಇನ್ನೇನೋ ಒಂದೂ ಬಂತು. ಏಡಿಯನ್ನು ಮೆಣಸು ಜಜ್ಜಿ ರಸ ಮಾಡಿದಳು. ದೇವರ ತಿಂಗಳಾದ ಮಾರ್ಗಳಿಯಲ್ಲಿ ಏಡಿ ತಿನ್ನುವ ಮನೆ ಉದ್ಧಾರವಾಗುತ್ತಾ ಎಂದು ಬೈದು ಅಜ್ಜಿ ಬರೀ ಮಜ್ಜಿಗೆ ಅನ್ನ ಉಂಡಳು.

ಏಡಿ ಹೋದ ಮೇಲೂ ನೀರು ಬಂತು.

ಬುಧವಾರ ಅಪೂರ್ವ ಗದ್ದೆಯ ಬದುವಿನಲ್ಲಿ ನಿಂತು ತಾನು ಬರೆದುಕೊಂಡದ್ದನ್ನು ಎರಡು ಸಲ ತಿರುವಿ ನೋಡಿದಳು. ಆಮೇಲೆ ಹೇಳಿದಳು: "ಸತೀಶ್, ಇದು ಒಣಗಿಸಿದ ಗದ್ದೆಯಲ್ಲ. ಬೇರೆ ಗದ್ದೆಗಳಿಗೂ ಇದಕ್ಕೂ ಗ್ಯಾಸಿನಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ. ಪೊಂಗಲ್ ಆದ ಮೇಲೂ ಹೀಗೇ ಇದ್ದರೆ ಪೈಪನ್ನು ಬೇರೆ ಊರಿಗೆ ಕೊಡಲು ಹೇಳಿದ್ದಾರೆ. ನನಗೂ ಬೇಜಾರೇ."

"ಫಲಕ?"

"ಅದನ್ನೂ ತೆಗೆಯಬೇಕಾಗುತ್ತೆ."

ಆ ಮಧ್ಯಾಹ್ನ ಸತೀಶ್ ಉಣ್ಣಲಿಲ್ಲ.

* * *

ಮಾರನೆಯ ದಿನ ಗದ್ದೆಯಲ್ಲಿ ರುಕ್ಮಣಿಯ ಮೊಣಕಾಲು ಕೈಕೊಟ್ಟಿತು. ಹತ್ತು ಗಂಟೆಯ ಕಾಪಿ ಕುಡಿದು ಬರೋಣವೆಂದು ಮನೆಗೆ ಹೋದಳು, ಅತ್ತೆ ಇರಲಿಲ್ಲ. ಊರುಗೋಲೂ ಇರಲಿಲ್ಲ. ದೇವಸ್ಥಾನಕ್ಕೆ ಹೋಗಿರಬೇಕು ಎಂದುಕೊಂಡು ಕಾಪಿ ಕುಡಿದು ಗದ್ದೆಗೆ ಮರಳಿದಳು.

ಮೇಲ್ಗದ್ದೆಯ ಮೂಲೆಯಲ್ಲಿ ಸಾಮಿಯಾತಾಳ್ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಬದುವಿನ ಹೊಟ್ಟೆಯಲ್ಲಿ ಹಿಂದಿನ ಕಾಲದ ಒಂದು ಸಣ್ಣ ತೂಬು ಇತ್ತು, ಗಂಡಸರು ಮರೆತೇಬಿಟ್ಟಿದ್ದರು. ಅದಕ್ಕೆ ಗಿಡಿದಿದ್ದ ಒಣಹುಲ್ಲಿನ ಉಂಡೆಯನ್ನು ಮುದುಕಿ ಹೊರಗೆಳೆದು ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಮೇಲ್ಗದ್ದೆಯ ನೀರು ಬೆರಳು ಗಾತ್ರದಲ್ಲಿ ಕೆಳಗದ್ದೆಗೆ ಇಳಿಯುತ್ತಿತ್ತು. ಸಾಕಾದ ಮೇಲೆ ಉಂಡೆಯನ್ನು ಮತ್ತೆ ಗಿಡಿದರೆ ಆಯಿತು. ಮಮ್ಮಟ್ಟಿ ಬೇಡ, ಹೊಸ ಮಣ್ಣಿನ ಗುರುತಿಲ್ಲ.

ರುಕ್ಮಣಿಗೆ ತಲೆಯೊಳಗೆ ಎಣ್ಣೆ ಸಿಡಿದಂತಾಯಿತು.

"ಅತ್ತೆ, ನೀವಾ?"

ಮುದುಕಿ ಬೆಚ್ಚಲಿಲ್ಲ. "ಆಮಾ, ನಾನೇ. ಮೆಲ್ಲಗೆ ಮಾತಾಡು."

"ಎರಡು ವಾರದಿಂದ ನನ್ನ ಮಗ ನನ್ನನ್ನ ಕಳ್ಳಿ ಅನ್ನೋ ಹಾಗೆ ನೋಡ್ತಿದ್ದಾನೆ. ನೀವು ಪಕ್ಕದಲ್ಲೇ ಕೂತು ತುಪ್ಪ ಹಾಕ್ಕೊಂಡು ಉಣ್ತೀರಿ. ಒಂದು ಮಾತು ಬಾಯಿ ಬಿಡಬಾರದಾ?"

"ಬಿಟ್ಟಿದ್ರೆ ಅವನು ಈ ತೂಬು ಮುಚ್ಚಿಸ್ತಿದ್ದ."

"ನಿಮಗೆ ಯಾಕೆ ಬೇಕಿತ್ತು ಇದು? ಗದ್ದೆ ಒಣಗಿದ್ರೆ ಊರವರು ಆಡ್ಕೋತಾರೆ ಅಂತಾನಾ?"

"ಊರವರ ಮಾತು ಯಾರಿಗೆ ಬೇಕು." ಸಾಮಿಯಾತಾಳ್ ನೀರಿಗೆ ಅಡ್ಡ ಬಂದ ಒಂದು ಎಲೆಯನ್ನು ಊರುಗೋಲಿನ ತುದಿಯಿಂದ ಸರಿಸಿದಳು. "ಗದ್ದೇಲಿ ಕಳೆ ಎದ್ದಿದ್ರೆ ನೀನು ಹೋಗ್ತೀಯಾ? ನಿನ್ನ ಗುಣ ನನಗೆ ಗೊತ್ತಿಲ್ವಾ? ಇನ್ನು ಎರಡು ಸಾಲು, ಇನ್ನು ನಾಲ್ಕು ಸಾಲು ಅಂತ ಇಲ್ಲೇ ಬಗ್ಗಿರ್ತೀಯ. ಆ ಹೆಣ್ಣು ಅಲ್ಲಿ ಒಬ್ಬಳೇ ಹೆರುತ್ತೆ. ಹೋದ ಸಲವೂ ಅದೇ ಮಾಡಿದೆ."

ರುಕ್ಮಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಂತು ಅಳಬೇಡ. ನಿನ್ನ ಮೇಲಿನ ಪ್ರೀತಿಗಲ್ಲ. ನೀನು ಹೋದ್ರೆ ಒಂದು ತಿಂಗಳು ನಾನು ನನಗೆ ಬೇಕಾದ ಹಾಗೆ ಸಾರು ಮಾಡ್ಕೋಬಹುದು. ನೀನು ಹುಣಿಸೆ ಹಣ್ಣು ಹಾಕೋದೇ ಇಲ್ಲ." ಹೀಗೆಂದು ಮುದುಕಿ ಉಂಡೆಯನ್ನು ಎತ್ತಿ ತೂಬಿಗೆ ಗಿಡಿದು, ಹೆಬ್ಬೆರಳಿನಿಂದ ಒತ್ತಿ, ಕೈ ಚಾಚಿದಳು. "ಎಬ್ಬಿಸು. ಸೊಂಟ ಹಿಡಿದುಕೊಂಡಿದೆ."

ರುಕ್ಮಣಿ ಎಬ್ಬಿಸಿದಳು. ಎಬ್ಬಿಸುವಾಗಲೂ ಬೈಯುತ್ತಲೇ ಇದ್ದಳು.

* * *

ಪೊಂಗಲ್ಲಿನ ಹಿಂದಿನ ಸಂಜೆ ಕೊಂಗುನಾಡಿನ ಮನೆಗಳಲ್ಲಿ ಕಾಪ್ಪು ಕಟ್ಟುತ್ತಾರೆ. ಬೇವಿನೆಲೆ, ತಂಗಡಿ ಹೂವು, ಬಿಳಿಯ ಪೂಳೈ ಹೂವು ಸೇರಿಸಿ ಸಣ್ಣ ಸಣ್ಣ ಕಟ್ಟು ಮಾಡಿ ಮನೆಯ ಸೂರಿಗೆ, ಕೊಟ್ಟಿಗೆಗೆ, ಗದ್ದೆಯ ಮೂಲೆಗೆ ಕಟ್ಟುವುದು. ಕೇಡು ಒಳಗೆ ಬರದಿರಲಿ ಎಂದು. ನಾಲ್ವರೂ ಕಟ್ಟುಗಳನ್ನು ಹಿಡಿದು ಗದ್ದೆಗೆ ಹೋದರು. ಲಿಂಗಸಾಮಿ ಮೇಲ್ಗದ್ದೆಗೆ ಕಟ್ಟಿದ. ಸತೀಶ್ ಒಂದು ಕಟ್ಟನ್ನು ತೆಗೆದುಕೊಂಡು ಕೆಳಗದ್ದೆಗೆ ಇಳಿದು ಪೈಪಿಗೇ ಕಟ್ಟಲು ಬಗ್ಗಿದ.

"ಪೈಪಿಗೂ ದೃಷ್ಟಿಯಾಗುತ್ತಾ?" ಎಂದಳು ಅಜ್ಜಿ.

ಸತೀಶ್ ನಗಲಿಲ್ಲ. ಪೈಪಿನೊಳಗೆ ನೋಡಿದ, ಕಾಪ್ಪು ಕಟ್ಟದೆ ನೆಟ್ಟಗೆ ಎದ್ದು ನಿಂತ. ಬೆಳಗ್ಗೆ ಅವನು ನೋಡಿದಾಗ ನೀರು ಇಳಿದಿತ್ತು.

ಅವನು ಕೆಸರಿನ ಕಾಲಲ್ಲೇ ಬದು ಹತ್ತಿ ಬಂದು ಬೇವಿನ ಕಟ್ಟನ್ನು ಮೂವರ ಮುಂದೆ ಹಿಡಿದ. "ಇದನ್ನ ಮುಟ್ಟಿ ಹೇಳಿ. ನೀರು ಬಿಟ್ಟೋರು ಯಾರು?"

ಯಾರ ಕೈಯೂ ಮುಂದೆ ಬರಲಿಲ್ಲ. ಲಿಂಗಸಾಮಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನೇ ಬಿಟ್ಟೆ," ಎಂದಳು ರುಕ್ಮಣಿ.

"ಮುಟ್ಟಿ ಹೇಳಮ್ಮ."

ಅವಳು ಮುಟ್ಟಲಿಲ್ಲ. ಆಗ ಸಾಮಿಯಾತಾಳ್ ಊರುಗೋಲು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ಕಟ್ಟನ್ನು ಕಸಿದುಕೊಂಡಳು. "ಇವಳಿಗೆ ಸುಳ್ಳು ಹೇಳೋಕೂ ಬರಲ್ಲ. ನಾನು ಬಿಟ್ಟೆ. ಅಲ್ಲಿದೆ ನೋಡು ನಿಮ್ಮ ತಾತನ ಕಾಲದ ತೂಬು. ಇವತ್ತೂ ಬಿಟ್ಟೆ."

ಸತೀಶ್ ಅಜ್ಜಿಯನ್ನು ನೋಡಿದ, ಆಮೇಲೆ ಅಪ್ಪನ ಕಡೆ ತಿರುಗಿದ. "ಮತ್ತೆ ಏಡಿ?"

"ಏಡಿ..." ಲಿಂಗಸಾಮಿ ಗಂಟಲು ಸರಿಮಾಡಿಕೊಂಡ. "ಏಡಿ ನಮ್ಮ ಗದ್ದೇದಲ್ಲ. ಮಯಿಲ್‌ಸಾಮಿ ಗದ್ದೇಲಿ ಹಿಡಿದೆ."

ಸತೀಶ್ ಬದುವಿನ ಮೇಲೆ ಕುಸಿದು ಕೂತ. "ಈ ಮನೇಲಿ ಒಂದು ಪೈಪು ನೆಟ್ಟಗೆ ನಿಲ್ಲೋಕಾಗಲ್ಲ. ಹೊರಗಿನವರು ಯಾರೂ ಬೇಡ, ನೀವೇ ಸಾಕು. ನನ್ನ ಮೇಲೆ ಏನು ಕೋಪ ನಿಮಗೆಲ್ಲ?"

"ಕೋಪ ಯಾರಿಗೂ ಇಲ್ಲ," ಎಂದಳು ರುಕ್ಮಣಿ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಗದ್ದೆ ಒಣಗಿಸು ಮಗನೇ. ಒಳ್ಳೇದೇ ಇರಬಹುದು. ಹೋದ ವರ್ಷದ ಜಳ್ಳನ್ನ ಕೇರಿದೋಳು ನಾನೇ, ನನಗೂ ಗೊತ್ತು. ಅತ್ತೆ ಇನ್ನು ನೀರು ಬಿಡಲ್ಲ. ನಾಡಿದ್ದು ಬೆಳಗ್ಗೆ ನಾನು ಬಸ್ಸು ಹತ್ತುತೀನಿ. ಕಳೆ ನಿಮ್ಮದು."

"ನಮ್ಮದು ಅಂದ್ರೆ?"

"ನಿಂದು, ನಿಮ್ಮಪ್ಪಂದು."

ಲಿಂಗಸಾಮಿಯ ಮಂದ ಕಿವಿಗೂ ಇದು ಕೇಳಿಸಿತು. "ಗಂಡಸರು ಕಳೆ ಕೀಳೋದಾ?"

"ಏನುಂಗ, ಪೈಪು ಇಟ್ಟೋರು ಗಂಡಸರು ತಾನೆ?"

ಸಾಮಿಯಾತಾಳ್ ಬೇವಿನ ಕಟ್ಟನ್ನು ಮೊಮ್ಮಗನ ಮಡಿಲಿಗೆ ಹಾಕಿದಳು. "ಹೋಗು, ಕಟ್ಟಿ ಬಾ. ಕತ್ತಲಾಗುತ್ತೆ."

* * *

ರುಕ್ಮಣಿ ತಿರುಪೂರಿಗೆ ಹೋಗಿ ಸೇರಿದ ವಾರಕ್ಕೆ ಸರಣ್ಯಾಗೆ ಹೆಣ್ಣು ಮಗುವಾಯಿತು. ಹೆರಿಗೆಯ ಕೋಣೆಯ ಹೊರಗೆ ರುಕ್ಮಣಿ ಇದ್ದಳು. ಒಳಗೆ ಹೋಗುವಾಗ ಮಗಳು ಅವಳ ಬೆರಳು ಹಿಡಿದು ಬಹಳ ಹೊತ್ತು ಬಿಡಲಿಲ್ಲ. 'ನೋಡೋಣ' ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮನೆಗೆ ಕರೆತಂದ ಮೇಲೆ ಒಂದು ಬೆಳಗ್ಗೆ ಅವಳು ಕಾಲು ನೀಡಿ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಫೋನು ಬಂತು. ಸರಣ್ಯಾ ಅದನ್ನು ತಾಯಿಯ ಕಿವಿಗೆ ಹಿಡಿದಳು.

"ರುಕ್ಮಣಿ," ಎಂದ ಲಿಂಗಸಾಮಿ. ಅವನು ತಾನಾಗಿ ಫೋನು ಮಾಡಿದ್ದು ಅದೇ ಮೊದಲು. "ಎರಡು ದಿನದ ಮಟ್ಟಿಗೆ ಬಂದು ಹೋಗ್ತೀಯಾ?"

"ಯಾಕೆ, ಅತ್ತೆಗೆ ಏನಾಯ್ತು?"

"ಅಮ್ಮ ಚೆನ್ನಾಗಿದ್ದಾಳೆ. ಕಳೇದೇ ಒಂದು ತೊಂದ್ರೆ. ಸ್ವಲ್ಪ ಹೆಚ್ಚುಕಡಿಮೆ ಆಗಿದೆ."

"ಏನು ಹೆಚ್ಚುಕಡಿಮೆ?"

ಆ ಕಡೆ ಫೋನನ್ನು ಯಾರೋ ಇಸಿದುಕೊಂಡ ಸದ್ದು. ಆಮೇಲೆ ಸತೀಶನ ದನಿ: "ಅಮ್ಮ, ಅಪ್ಪ ಎರಡು ಸಾಲು ಭತ್ತಾನೇ ಕಿತ್ತುಹಾಕಿದ್ದಾರೆ. ಕಳೆ ಹಾಗೇ ನಿಂತಿದೆ. ಕುದುರೆವಾಲಿ ಹುಲ್ಲು ನೋಡೋಕೆ ಭತ್ತದ ಥರಾನೇ ಇರುತ್ತಲ್ಲ."

"ನೀನು?"

"ನಾನು ಒಂದೂವರೆ ಸಾಲು."

ರುಕ್ಮಣಿಯ ಎಣ್ಣೆಗೈ ಮಗುವಿನ ತೊಡೆಯ ಮೇಲೆ ನಿಂತಿತು. ಗಂಡ ಮೂವತ್ತು ವರ್ಷದಿಂದ ಭತ್ತ ಬೆಳೆದವನು. ಕಣದಲ್ಲಿ ಒಂದು ಹಿಡಿ ಕಾಳು ಎತ್ತಿದರೆ ಯಾವ ತಳಿ ಎಂದು ಹೇಳುವ ಮನುಷ್ಯ. ಎಳೆಯ ಪೈರಿನ ಮುಂದೆ ಒಂದು ದಿನವೂ ಬಗ್ಗಿದವನಲ್ಲ, ಹೇಗೆ ಗೊತ್ತಿರಬೇಕು? ಕಿತ್ತ ಭತ್ತ, ಹಾಳಾದ ಸಾಲು ಅವಳ ಕಣ್ಣ ಮುಂದೆ ಬಂದವು. ಮಧ್ಯಾಹ್ನದ ಬಸ್ಸು ಹಿಡಿದರೆ ಸಂಜೆಗೆ ಊರು. ಎರಡೇ ದಿನ, ಬೆಳಗ್ಗೆ ಬಗ್ಗಿದರೆ ಸರಿಮಾಡಿ ಬಂದುಬಿಡಬಹುದು.

ಫೋನು ಹಿಡಿದ ಸರಣ್ಯಾಳ ಕೈ ಸ್ವಲ್ಪ ಕೆಳಗಿಳಿಯಿತು.

ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿಸಿತು. "ಬರಬೇಡ," ಎಂದಳು ಸಾಮಿಯಾತಾಳ್, ತಿರುಪೂರಿಗೆ ಕೂಗಿಯೇ ಹೇಳಬೇಕೆಂಬಂತೆ. "ನಾನು ವರಪ್ಪಿನ ಮೇಲೆ ಸ್ಟೂಲು ಹಾಕ್ಕೊಂಡು ಕೂತಿದ್ದೀನಿ. ಎಲೆ ಕವಲೊಡೆಯೋ ಕಡೆ ಹೆಬ್ಬೆರಳು ಇಟ್ಟು ನೋಡ್ರಾ, ಮೀಸೆ ಇದ್ರೆ ಭತ್ತ, ಬೋಳಾಗಿದ್ರೆ ಹುಲ್ಲು ಅಂತ ಹೇಳಿಕೊಡ್ತಾ ಇದ್ದೀನಿ. ನಿನ್ನ ಗಂಡ ಪ್ರತಿ ಎಲೇನೂ ನನಗೆ ತೋರಿಸಿ ಕೀಳ್ತಾನೆ. ಮಯಿಲ್‌ಸಾಮಿ ಮೊದಲ ದಿನ ನಿಂತು ನಕ್ಕ. ಮೂರನೇ ದಿನ ಅವನೂ ಬಗ್ಗಿ, ಮೀಸೆ ಎಲ್ಲಿ ಅಂತ ಕೇಳ್ದ."

"ಕಿತ್ತ ಜಾಗ?"

"ಒತ್ತಾಗಿ ಇರೋ ಕಡೆಯಿಂದ ಕಿತ್ತು ನೆಡಿಸ್ತಿದ್ದೀನಿ. ಬರುತ್ತೆ. ನಿನ್ನೆ ಆ ಅಮ್ಮಣಿ ಪೆಟ್ಟಿಗೆ ತಂದಿದ್ದಳು. ಕಳೆಗೆ ಎಷ್ಟು ಆಳು ಅಂದಳು. ನಿನ್ನ ಗಂಡ ಸೊಂಟ ಹಿಡ್ಕೊಂಡು ಎದ್ದು, ಬರ್ಕೊಳ್ಳಿ ಮೇಡಂ, ಎರಡು ಆಳು, ಆರು ದಿನ, ಇನ್ನೂ ಮುಗಿದಿಲ್ಲ ಅಂದ. ಇಷ್ಟು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ನಾನು ಕೇಳಿಲ್ಲ."

ರುಕ್ಮಣಿ ಬಟ್ಟಲಿಗೆ ಬೆರಳು ಅದ್ದಿ ಮಗುವಿನ ಎರಡನೆಯ ಕಾಲಿಗೆ ಎಣ್ಣೆ ಹಚ್ಚತೊಡಗಿದಳು.

"ಅತ್ತೆ, ಫೋನು ಅವರಿಗೆ ಕೊಡಿ."

"ಹೂಂ," ಎಂದ ಲಿಂಗಸಾಮಿ.

"ಗದ್ದೆ ಒಣಗಿದೆಯಾ?"

"ಒಣಗಿದೆ. ಪೈಪಿನಲ್ಲಿ ಒಂದು ಗೇಣು ಇಳಿದಿದೆ. ಬಿರುಕೂ ಬಿಟ್ಟಿದೆ." ಅವನ ದನಿಯಲ್ಲಿ ಸಣ್ಣ ಆಸೆ ಇತ್ತು. "ಬರ್ತೀಯಾ?"

"ಒಣಗಿದ್ರೆ ಇನ್ನೊಂದು ಸಲ ಕಳೆ ಏಳುತ್ತೆ," ಎಂದಳು ರುಕ್ಮಣಿ. "ನೋವಿನ ಎಣ್ಣೆ ಒಲೆ ಪಕ್ಕದ ಗೂಡಲ್ಲಿದೆ. ಅರ್ಧ ಸೀಸೆ ಉಳಿಸಿ ಬಂದಿದ್ದೀನಿ, ಹಚ್ಕೊಳ್ಳಿ." ಆಮೇಲೆ ಫೋನು ಇಡು ಎಂದು ಮಗಳಿಗೆ ಗಲ್ಲದಿಂದ ಸನ್ನೆ ಮಾಡಿ, ಮಗುವನ್ನು ಬೋರಲು ಮಲಗಿಸಿಕೊಂಡು ಬೆನ್ನು ತಿಕ್ಕಿದಳು.